ಮೂರು ಹಿಡಿ ಮಣ್ಣು

ಎರೆ ಮಣ್ಣು ಕೈಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಆವತ್ತು ಅಂತೂ ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಆಳಂದ ರಸ್ತೆಯಿಂದ ಒಳಗೆ ಇಳಿದು ಹೊಲದ ಬದುವಿನ ಮೇಲೆ ನಡೆದು ಹೋಗುವಷ್ಟರಲ್ಲಿ ಒಂದೊಂದು ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಅಂಟಿತ್ತು. ತೊಗರಿ ಹೂ ಬಿಟ್ಟಿತ್ತು. ಹೊಲದ ಮೂಲೆಯಲ್ಲಿ, ಬೇವಿನ ಗಿಡದ ಕೆಳಗೆ, ನಮ್ಮ ಎದುರು ಮನೆಯ ಆಯಿಗೆ ಕುಣಿ ತೋಡಿದ್ದರು. ನಮ್ಮ ಕಡೆ ಶವಸಂಸ್ಕಾರಕ್ಕೆ ಹೋಗುವುದಕ್ಕೆ 'ಮಣ್ಣಿಗೆ ಹೋಗೋದು' ಅಂತಾರೆ. ಲಿಂಗಾಯತರೂ ಹಾಗೇ ಅಂತಾರೆ, ನಾವೂ ಹಾಗೇ ಅಂತೀವಿ. ಇಬ್ಬರೂ ಹೂಳುವವರೇ ಅಲ್ವಾ. ನಾವು ಮಲಗಿಸ್ತೀವಿ, ಅವರು ಕೂರಿಸ್ತಾರೆ. ಅಷ್ಟು ಫರಕು.

ಆಯಿಯನ್ನೂ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ, ಸುತ್ತ ಬಿಲ್ವಪತ್ರೆ. ಅಯ್ಯನವರು ಮಂತ್ರ ಹೇಳಿ ಮುಗಿಸಿದ ಮೇಲೆ ಮನೆಯವರು ಮಣ್ಣು ಹಾಕಿದರು, ಆಮೇಲೆ ಓಣಿಯವರು. ನಾನು ಸ್ವಲ್ಪ ದೂರ ನಿಂತಿದ್ದೆ. ಆಯಿಯ ಮಗ ನನ್ನ ಕಡೆ ತಿರುಗಿ, "ಅಲ್ಯಾಕ ನಿಂತಿ, ಬಾ. ನಿನಗೂ ಎತ್ತಿ ಆಡಿಸ್ಯಾಳ" ಅಂದ. ಹೋದೆ. ಬಗ್ಗಿ ಮಣ್ಣು ತೆಗೆದುಕೊಂಡೆ. ಕೈ ತಾನಾಗೇ ಮೂರು ಸಲ ಹೋಯಿತು. ಬಾಯಿ ಕೂಡ ತಾನಾಗೇ ಆಡಿತು. ಚಿಕ್ಕಂದಿನಿಂದ ಖಬರಸ್ತಾನದಲ್ಲಿ ಮಾಡಿ ಮಾಡಿ ಬಂದ ರೂಢಿ. ಮೊದಲ ಹಿಡಿಗೆ 'ಮಿನ್ಹಾ ಖಲಕ್ನಾಕುಮ್', ಇದರಿಂದಲೇ ನಿಮ್ಮನ್ನು ಸೃಷ್ಟಿಸಿದೆವು. ಎರಡನೆಯದಕ್ಕೆ 'ವ ಫೀಹಾ ನುಈದುಕುಮ್', ಇದಕ್ಕೇ ನಿಮ್ಮನ್ನು ಮರಳಿಸುತ್ತೇವೆ. ಮೂರನೆಯದಕ್ಕೆ 'ವ ಮಿನ್ಹಾ ನುಖ್ರಿಜುಕುಮ್ ತಾರತನ್ ಉಖ್ರಾ', ಇನ್ನೊಂದು ಸಲ ನಿಮ್ಮನ್ನು ಇದರಿಂದಲೇ ಹೊರತೆಗೆಯುತ್ತೇವೆ.

ಹಿಂದೆ ನಮ್ಮ ಚಿಕ್ಕಪ್ಪನ ಮಗ ನಿಂತಿದ್ದ. ಬೆಂಗಳೂರಿನಲ್ಲಿ ಎಂಜಿನಿಯರ್. ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ಬಹಳ ಹೊತ್ತು ಸುಮ್ಮನಿದ್ದ. ಶಹಾಬಜಾರ್ ನಾಕಾ ಹತ್ತಿರ ಬಂದಾಗ ಕೇಳಿದ: "ಭಾಯಿ, ಅಲ್ಲಿ ಏನೋ ಓದಿದ್ರಲ್ಲ?"

"ಹೂಂ. ರೂಢಿ."

"ಅದು ನಮ್ಮವರ ಮಣ್ಣಿಗೆ ಓದೋದು ಭಾಯಿ. ಅವರಿಗೆ ಮಗ್‌ಫಿರತ್ ಕೇಳೋದು ನಮಗೆ ಇಲ್ಲ. ಕುರ್‌ಆನಿನಲ್ಲೇ ಅದ."

ಅವನು ಒರಟ ಅಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಇಂಥ ಬರಹಗಳಲ್ಲಿ ಅವನಂಥ ಹುಡುಗರನ್ನು ಕೆಟ್ಟವರನ್ನಾಗಿ ಮಾಡುವುದು ಬಹಳ ಸುಲಭ. ಆಯಿ ಹೋದಳು ಅಂತ ಫೋನ್ ಮಾಡಿದ ತಕ್ಷಣ ರಜೆ ಹಾಕಿ ರಾತ್ರಿ ಗಾಡಿ ಹತ್ತಿ ಬಂದವನು ಅವನು. ಬೆಳಿಗ್ಗೆ ಶವ ಕೂರಿಸಿ ಒಯ್ಯುವ ವಿಮಾನ ಕಟ್ಟಲು ಬಿದಿರು ತಂದವನೂ ಅವನೇ. ಹೆಗಲು ಕೊಟ್ಟಿದ್ದ, ಅತ್ತಿದ್ದ. ಆದರೂ ಆ ಮಾತು ಹೇಳಿದ. ಅವನು ಹೇಳಿದ್ದು ಸುಳ್ಳೂ ಅಲ್ಲ. 9ನೇ ಅಧ್ಯಾಯದ 113ನೇ ವಚನ ನನಗೂ ಗೊತ್ತು. ಬಹುದೇವಾರಾಧಕರು ಸತ್ತ ಮೇಲೆ, ಹತ್ತಿರದ ಬಂಧುಗಳೇ ಆಗಿದ್ದರೂ, ಅವರ ಪರವಾಗಿ ಕ್ಷಮೆ ಬೇಡುವುದು ಪ್ರವಾದಿಗಾಗಲಿ ನಂಬಿದವರಿಗಾಗಲಿ ತಕ್ಕುದಲ್ಲ ಅನ್ನುತ್ತದೆ ಅದು.

ನಾನು ಓದಿದ್ದು ಕ್ಷಮೆಯ ದುವಾ ಆಗಿರಲಿಲ್ಲ, ಬರೀ ಮಣ್ಣಿನ ಮಾತು. ಹಾಗಂತ ಅವನಿಗೆ ಹೇಳಬಹುದಿತ್ತು, ಹೇಳಲಿಲ್ಲ. ಆವತ್ತು ಇಶಾ ನಮಾಜ್ ಮುಗಿಸಿ ಕೈ ಎತ್ತಿದೆ. ಆಯಿಗೆ ಅಂತ ಏನು ಕೇಳಬೇಕು? ಮಾತು ಬರಲಿಲ್ಲ. ಅವಳ ಮಗನಿಗೆ ಸಬರ್ ಕೊಡು ಅಂದೆ. ಉಗುರಿನ ಸಂದಿಯಲ್ಲಿ ಕರಿ ಮಣ್ಣು ಇನ್ನೂ ಇತ್ತು.

ಆಯಿ, ಅಬ್ಬಾ ಮತ್ತು ಗುರುವಾರ

ನಮ್ಮ ಅಬ್ಬಾಗೆ ಮನೆಯ ಮುಂದೆಯೇ ಸೈಕಲ್ ಅಂಗಡಿ. ಪಂಕ್ಚರ್, ಓವರಾಯಿಲಿಂಗ್, ಬಾಡಿಗೆಗೆ ನಾಲ್ಕು ಸೈಕಲ್. ಐದು ಹೊತ್ತಿನ ನಮಾಜ್ ತಪ್ಪಿಸಿದವರಲ್ಲ. ಆದರೆ ದರ್ಗಾಕ್ಕೆ ಹೋಗುತ್ತಿರಲಿಲ್ಲ. ಕಲಬುರಗಿಯಲ್ಲಿ ಹುಟ್ಟಿ ಸೂಫಿ ಸಂತ ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಹೋಗದೇ ಇರುವುದು ಅಂದ್ರೆ ಸಣ್ಣ ಹಟ ಅಲ್ಲ. ಖ್ವಾಜಾ ಸಾಹೇಬರ ಮೇಲೆ ಅವರಿಗೆ ಗೌರವ ಬಹಳ. ತೈಮೂರ ಬರುವ ಹೊತ್ತಿಗೆ, 1398ರಲ್ಲಿ, ದಿಲ್ಲಿ ಬಿಟ್ಟು ಹೊರಟು, ಮುಪ್ಪಿನಲ್ಲಿ ಇಲ್ಲಿಗೆ ಬಂದು ನೆಲೆಸಿ, 1422ರಲ್ಲಿ ಇಲ್ಲೇ ಮಣ್ಣಾದ ಕಥೆಯನ್ನು ನಮಗೆ ಅವರೇ ಹೇಳುತ್ತಿದ್ದರು. ಆದರೆ ಬೇಡುವುದು ಅಲ್ಲಾಹನ ಹತ್ತಿರ ಮಾತ್ರ, ನಡುವೆ ಯಾರೂ ಬೇಡ ಅನ್ನುವುದು ಅವರ ಪಟ್ಟು.

ಆಯಿ ಮಾತ್ರ ಗುರುವಾರ ತಪ್ಪಿಸುತ್ತಿರಲಿಲ್ಲ. ಸೋಮವಾರ ಅಪ್ಪನ ಗುಡಿ, ಅಂದರೆ ಶರಣಬಸವೇಶ್ವರರ ಗುಡಿ, ಗುರುವಾರ ದರ್ಗಾ. ಒಂದು ಸಂಜೆ ದರ್ಗಾದಿಂದ ಬಂದವಳು ಅಂಗಡಿ ಮುಂದೆ ನಿಂತು ಸಕ್ಕರೆ ಪ್ರಸಾದ ನನ್ನ ಕೈಗೆ ಹಾಕಿ ಅಬ್ಬಾಗೆ ಹೇಳಿದಳು: "ತಮ್ಮಾ, ನೀ ಅಂತೂ ಹೋಗಂಗಿಲ್ಲ. ನಿನ್ನ ಪಾಲಿಂದೂ ಕೈಮುಗಿದು ಬಂದೀನಿ."

ಅಬ್ಬಾಗೆ ಸಿಟ್ಟೂ ಬಂತು, ನಗುವೂ ಬಂತು. "ಅಕ್ಕಾ, ನನ್ನ ಹೆಸರಲೆ ಯಾಕ ಮಾಡ್ತಿ? ನಾ ಇಲ್ಲಿಂದೇ ಕೇಳ್ತೀನಿ, ಅವ ಇಲ್ಲಿಂದೇ ಕೇಳಸ್ಕೊಳ್ತಾನ."

"ಕೇಳಸ್ಕೊಳ್ತಾನಪಾ, ಯಾರ್ ಇಲ್ಲಂತಾರ? ಖರೆ ನಿನ್ನ ಅಂಗಡ್ಯಾಗ ಸುತ್ತಿಗಿ ಸಪ್ಪಳ ಭಾಳ."

ನಾನಾಗ ಆರನೇ ಕ್ಲಾಸು. ಆಯಿ ಒಳಗೆ ಹೋದ ಮೇಲೆ ಅಬ್ಬಾಗೆ ಕೇಳಿದೆ, ಆಯಿ ಜನ್ನತ್‌ಗೆ ಹೋಗ್ತಾಳಾ ಅಂತ. ಮದ್ರಸಾದಲ್ಲಿ ಆ ವಾರ ಜನ್ನತ್-ಜಹನ್ನಮಿನ ಪಾಠ ನಡೆದಿತ್ತು ಅಂತ ಕಾಣುತ್ತೆ. ಅಬ್ಬಾ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಎಲ್ಲಿಂದ ಬರುತ್ತದೆ ಅಂತ ನೋಡುತ್ತಿದ್ದರು. ತೂತು ಸಿಕ್ಕ ಜಾಗದಲ್ಲಿ ಬೆರಳಿಟ್ಟುಕೊಂಡು, "ಗೊತ್ತಿಲ್ಲ" ಅಂದರು. ಅಬ್ಬಾ ಬಾಯಿಂದ ಆ ಮಾತು ಕೇಳಿದ್ದೇ ಕಡಿಮೆ. ಆಮೇಲೆ ತಲೆ ಎತ್ತದೆ ಕೇಳಿದರು: "ನಿಂದೇನು ಖಾತ್ರಿ ಅದ?"

ಇದೆಲ್ಲ ಬರೆದರೆ ಎರಡೂ ಮನೆ ಒಂದೇ ಆಗಿತ್ತು ಅಂತ ಯಾರಾದರೂ ತಿಳಿದುಕೊಳ್ಳಬಹುದು. ಹಾಗೇನೂ ಇರಲಿಲ್ಲ. ಆಯಿ ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಬಾಯಿಗೆ ಹಾಕಿದವಳಲ್ಲ. ಈದ್ ದಿನ ಅಮ್ಮಾ ಅವಳಿಗೆ ಒಣ ಶಾವಿಗೆ, ಸಕ್ಕರೆ, ಖರ್ಜೂರ ಬೇರೆ ಕಟ್ಟಿಡುತ್ತಿದ್ದಳು. ಅವಳು ಮನೆಗೆ ಒಯ್ದು ತನ್ನ ಪಾತ್ರೆಯಲ್ಲಿ ತಾನೇ ಮಾಡಿಕೊಳ್ಳುತ್ತಿದ್ದಳು. ಎಳ್ಳಮಾಸಿಗೆ ಅವರ ಮನೆಯ ಸಜ್ಜಿ ಕಡಬು, ಭಜ್ಜಿ ನಮಗೆ ಬರುತ್ತಿತ್ತು. ನಾವು ಅದನ್ನು ತಿನ್ನುತ್ತಿದ್ದೆವು, ಅವರ ಗುಡಿಯ ಪ್ರಸಾದ ಬಂದರೆ ಅಬ್ಬಾ ಸುಮ್ನೆ ಪಕ್ಕಕ್ಕೆ ಇಡುತ್ತಿದ್ದರು. ಆಯಿಗೂ ಅದು ಗೊತ್ತಿತ್ತು. ಹೀಗೆ ಎರಡೂ ಕಡೆ ಒಂದೊಂದು ಗೆರೆ ಇತ್ತು, ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿತ್ತು. ಕೊನೆಕೊನೆಗೆ ಆಯಿ ನಮ್ಮ ಮನೆಯಲ್ಲಿ ಚಹಾ ಕುಡಿಯತೊಡಗಿದಳು. ಯಾವ ವರ್ಷದಿಂದ ಅಂತ ಯಾರಿಗೂ ನೆನಪಿಲ್ಲ.

ಮರ್ಜಿ, ರಾಜಿ, ನಾರಾಜು

ನಾನು ವಕೀಲರ ಹತ್ತಿರ ಗುಮಾಸ್ತ. ಇಪ್ಪತ್ತು ವರ್ಷದಿಂದ ಅರ್ಜಿ, ತಕರಾರು, ಜಾಮೀನು ಅಂತ ಟೈಪ್ ಮಾಡಿಕೊಂಡು ಬಂದವನು. ಹಾಗಾಗಿ ಶಬ್ದಗಳ ಮೇಲೆ ನನಗೆ ಸ್ವಲ್ಪ ಕಣ್ಣು ಜಾಸ್ತಿ. ಆಯಿ ಹೋದ ವಾರ ಓಣಿಯಲ್ಲಿ ಯಾರನ್ನು ಮಾತಾಡಿಸಿದರೂ ಒಂದೇ ಮಾತು: "ಏನ್ ಮಾಡೋದ್ರಿ, ದೇವರ ಮರ್ಜಿ." ನಮ್ಮ ಮನೆಯಲ್ಲಿ ದಖನಿಯಲ್ಲಿ ಅದೇ ಮಾತು: ಅಲ್ಲಾ ಕಿ ಮರ್ಜಿ. ಸಾವಿಗೂ ಅದೇ, ಮಳೆ ಬಾರದಿದ್ದರೂ ಅದೇ, ಒಬ್ಬ ಲಿಂಗಾಯತನಾಗಿ ಇನ್ನೊಬ್ಬ ಮುಸಲ್ಮಾನನಾಗಿ ಹುಟ್ಟಿದ್ದಕ್ಕೂ ಅದೇ.

ಆದರೆ ಈ ಮರ್ಜಿ ಅನ್ನುವುದು ತುಸು ಮೋಸದ ಶಬ್ದ. ಅರಬಿಯ 'ರಿಜಾ' ಅನ್ನುವ ಬೇರಿನಿಂದ ಬಂದದ್ದು. ರಿಜಾ ಅಂದರೆ ಮೆಚ್ಚುಗೆ, ಒಪ್ಪಿಗೆ, ಸಂತೋಷ. ಕೋರ್ಟಿನಲ್ಲಿ ನಾವು ದಿನಾ ಬರೆಯುವ 'ರಾಜಿ' ಕೂಡ ಅದರದ್ದೇ ಮರಿ. ಮುನಿಸಿಕೊಂಡವರು 'ನಾರಾಜು' ಆಗುವುದೂ ಅಲ್ಲಿಂದಲೇ. ಸಾಲಿ ಮಕ್ಕಳ 'ರಜಾ' ಕೂಡ ಅದೇ ಕುಟುಂಬ, ಒಪ್ಪಿಗೆ ಪಡೆದು ಹೋಗುವುದು ತಾನೆ. ಆದರೆ 'ದೇವರು ಇಚ್ಛಿಸಿದ್ದರೆ' ಅಂತ ಕುರ್‌ಆನ್ ಹೇಳುವ ಕಡೆಗಳಲ್ಲಿ ಈ ಬೇರು ಇಲ್ಲ. ಅಲ್ಲಿರುವುದು 'ಶಾಅ'. ಇನ್‌ಶಾ ಅಲ್ಲಾಹ್, ಮಾಶಾ ಅಲ್ಲಾಹ್ ಅನ್ನುವಾಗ ಬರುವ 'ಶಾ' ಅದೇ. ಅದು ಬಯಸುವುದು, ಹೀಗಾಗಲಿ ಅನ್ನುವುದು. ಆಗಲಿ ಅಂದದ್ದಕ್ಕೆಲ್ಲ ಮೆಚ್ಚುಗೆ ಇರಲೇಬೇಕಾ? ಈ ಪ್ರಶ್ನೆಯನ್ನು ನಮ್ಮ 'ಮರ್ಜಿ' ನುಂಗಿಹಾಕುತ್ತದೆ. ನಾವು ಎರಡನ್ನೂ ಒಂದೇ ಶಬ್ದದಲ್ಲಿ ಕಟ್ಟಿ ಕೈತೊಳೆದುಕೊಂಡಿದ್ದೇವೆ.

ಕನ್ನಡ ಅನುವಾದ ಇಟ್ಟುಕೊಂಡು ಆ ವಚನಗಳನ್ನು ಮತ್ತೆ ಓದಿದೆ. 10ನೇ ಅಧ್ಯಾಯದ 99: ನಿನ್ನ ಪ್ರಭು ಇಚ್ಛಿಸಿದ್ದರೆ ಭೂಮಿಯ ಮೇಲಿರುವವರೆಲ್ಲ ಒಬ್ಬರೂ ಬಿಡದಂತೆ ನಂಬುತ್ತಿದ್ದರು, ಹೀಗಿರುವಾಗ ಅವರು ನಂಬುವ ತನಕ ನೀನು ಬಲವಂತ ಮಾಡುತ್ತೀಯಾ? 11ನೇ ಅಧ್ಯಾಯದ 118: ನಿನ್ನ ಪ್ರಭು ಇಚ್ಛಿಸಿದ್ದರೆ ಮನುಷ್ಯರನ್ನೆಲ್ಲ ಒಂದೇ ಸಮುದಾಯ ಮಾಡಿಬಿಡುತ್ತಿದ್ದ, ಅವರು ಬೇರೆ ಬೇರೆಯಾಗಿಯೇ ಇರುತ್ತಾರೆ. ಮುಂದಿನ ವಚನ, ನಿನ್ನ ಪ್ರಭು ಕರುಣೆ ತೋರಿದವರ ಹೊರತು ಅನ್ನುತ್ತದೆ, ಆಮೇಲೆ 'ಅದಕ್ಕಾಗಿಯೇ ಅವರನ್ನು ಸೃಷ್ಟಿಸಿದ' ಅಂತ ಸೇರಿಸುತ್ತದೆ. ಯಾವುದಕ್ಕಾಗಿ? ಬೇರೆ ಬೇರೆ ಇರುವುದಕ್ಕಾ, ಕರುಣೆಗಾ? ಹಳೆಯ ವ್ಯಾಖ್ಯಾನಕಾರರಲ್ಲೇ ಎರಡು ಪಾರ್ಟಿ. ಕೆಲವರು ಹೀಗಂದರು, ಕೆಲವರು ಹಾಗಂದರು. ಮನುಷ್ಯರು ಒಂದಾಗುವುದಿಲ್ಲ ಅನ್ನುವ ಮಾತಿನ ಅರ್ಥದ ಮೇಲೇ ಅವರು ಒಂದಾಗಲಿಲ್ಲ. ಇದನ್ನು ಓದಿ ನಾನು ಒಬ್ಬನೇ ನಕ್ಕೆ.

ಎಲ್ಲರೂ ಜಾಸ್ತಿ ಹೇಳುವ ವಚನ 5:48. ನಿಮ್ಮಲ್ಲಿ ಒಬ್ಬೊಬ್ಬರಿಗೂ ಒಂದು ಶರೀಅತ್, ಒಂದು ದಾರಿ ಗೊತ್ತುಮಾಡಿದ್ದೇವೆ, ಅಲ್ಲಾಹ್ ಇಚ್ಛಿಸಿದ್ದರೆ ನಿಮ್ಮನ್ನು ಒಂದೇ ಸಮುದಾಯ ಮಾಡುತ್ತಿದ್ದ, ಆದರೆ ಕೊಟ್ಟಿದ್ದರಲ್ಲಿ ನಿಮ್ಮನ್ನು ಪರೀಕ್ಷಿಸಬೇಕಾಗಿದೆ, ಒಳ್ಳೆಯ ಕೆಲಸಗಳಲ್ಲಿ ಪೈಪೋಟಿ ಮಾಡಿರಿ. ಸರ್ವಧರ್ಮ ಸಭೆಗಳಲ್ಲಿ ಇಷ್ಟಕ್ಕೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಇದನ್ನೇ ಬೆಂಗಳೂರಿನ ಆ ತಮ್ಮನಿಗೆ, ಚಿಕ್ಕಪ್ಪನ ಮಗನಿಗೆ, ಫೋನಿನಲ್ಲಿ ಓದಿ ಹೇಳಿದೆ. ಅವನು ಮೆತ್ತಗೆ, "ಭಾಯಿ, ಅದರ ಹಿಂದಿನ ವಚನ ನೋಡ್ರಿ. ತೌರಾತ್, ಇಂಜೀಲ್ ಪಡೆದ ಯಹೂದಿ, ಕ್ರೈಸ್ತರ ಮಾತು ಅದು. ಆಯಿಗೆ ಹ್ಯಾಂಗ ಹಚ್ತೀರಿ?" ಅಂದ. ಅದೂ ಹೌದು. ಅವನು ಸುಮ್ನೆ ಓದಿಲ್ಲ.

ನಮ್ಮ ಮಸೀದಿಯ ಮೌಲವಿ ಸಾಬರ ಹತ್ತಿರ ಹೋದೆ. ವಯಸ್ಸಾದವರು, ಕಣ್ಣು ಮಂಜು, ಅಬ್ಬಾ ಅಂಗಡಿಯ ಹಳೇ ಗಿರಾಕಿ. ನಾನು ಶಬ್ದದಲ್ಲಿ ಹಿಡಿದದ್ದನ್ನು ಅವರು ಶಾಸ್ತ್ರದಲ್ಲಿ ಹೇಳಿದರು. ಆಗಗೊಡುವ ಇಚ್ಛೆ ಬೇರೆ, ಮೆಚ್ಚುವುದು ಬೇರೆ. 39ನೇ ಅಧ್ಯಾಯದ 7ನೇ ವಚನದಲ್ಲಿ ಬರುವುದು ರಿಜಾದ ಮಾತು: ತನ್ನ ದಾಸರಲ್ಲಿ ಸತ್ಯನಿಷೇಧವನ್ನು, ಅಂದರೆ ನಂಬದೇ ಇರುವುದನ್ನು, ಅವನು ಮೆಚ್ಚುವುದಿಲ್ಲ. ಅಂದರೆ ಆಗಲು ಬಿಟ್ಟಿದ್ದಾನೆ, ಮೆಚ್ಚಿಲ್ಲ. ಈ ಎರಡರ ನಡುವಿನ ಗಂಟನ್ನು ಬಿಡಿಸಲು ಮುಅತಜಿಲಾ, ಅಶ್ಅರಿ ಅನ್ನುವ ಎರಡು ಪಂಥದ ಪಂಡಿತರು ಶತಮಾನಗಟ್ಟಲೆ ಗುದ್ದಾಡಿದರು. ಕೆಟ್ಟದ್ದನ್ನು ದೇವರು ಬಯಸುವುದೇ ಇಲ್ಲ, ಅದು ಮನುಷ್ಯನ ಕೆಲಸ ಅಂತ ಮೊದಲಿನವರು. ಅವನ ಇಚ್ಛೆ ಮೀರಿ ಜಗತ್ತಿನಲ್ಲಿ ಏನೂ ನಡೆಯಲ್ಲ ಅಂತ ಎರಡನೆಯವರು. ಮೌಲವಿ ಸಾಬರು ಒಂದು ಉದಾಹರಣೆ ಕೊಟ್ಟರು. ಪರೀಕ್ಷೆಯಲ್ಲಿ ಮಾಸ್ತರು ಪೇಪರ್ ಕೊಡ್ತಾರೆ, ಮೂರು ತಾಸು ಕೊಡ್ತಾರೆ, ಹುಡುಗ ತಪ್ಪು ಉತ್ತರ ಬರೆಯುವುದನ್ನು ಹಿಂದೆ ನಿಂತು ನೋಡ್ತಾರೆ. ಕೈ ಹಿಡಿಯಲ್ಲ. ಹಾಗಂತ ಆ ಉತ್ತರ ಅವರಿಗೆ ಪಸಂದು ಅಂತಲ್ಲ.

"ಪಕ್ಕದ ಬೆಂಚಿನ ಹುಡುಗ?" ಅಂದೆ.

"ಅವನಿಗೇನು?"

"ಅವನು ಎದ್ದು ಬಂದು ಇವನ ಪೇಪರ್ ಕಸಿಯಬಹುದಾ? ಇಂತಿಷ್ಟು ಮಾರ್ಕು ಅಂತ ಹಾಕಬಹುದಾ?"

ಮೌಲವಿ ಸಾಬರು ನಕ್ಕು, "ವಕೀಲರ ಸಂಗ ಮಾಡಿ ಕೆಟ್ಟಿ ನೀ" ಅಂದರು.

ಅದೇ ಹೊತ್ತಿಗೆ ಅವರು ನನ್ನ ಕಾಲ ಕೆಳಗಿನ ಜಮಖಾನೆಯನ್ನೂ ಎಳೆದರು. 'ಎಲ್ಲ ದೇವರ ಇಚ್ಛೆ, ಹಾಗಾಗಿ ಎಲ್ಲ ಸರಿ' ಅನ್ನುವುದೂ ನಡೆಯಲ್ಲ. 6:148ರಲ್ಲಿ ಇದೇ ವಾದ ಇದೆ. ಅಲ್ಲಾಹ್ ಇಚ್ಛಿಸಿದ್ದರೆ ನಾವು ಬೇರೆಯವರನ್ನು ಪೂಜಿಸುತ್ತಲೇ ಇರಲಿಲ್ಲ ಅಂತ ಮಕ್ಕಾದವರು ಹೇಳುತ್ತಾರೆ. ನಿಮ್ಮ ಹತ್ತಿರ ಏನಾದರೂ ಜ್ಞಾನ ಇದ್ದರೆ ತೋರಿಸಿ, ನೀವು ಊಹೆಯ ಬೆನ್ನು ಹತ್ತಿದ್ದೀರಿ ಅಂತ ಅವರಿಗೆ ಜವಾಬು. ತಮಾಷೆ ನೋಡಿ, ಮುಂದಿನ ವಚನವೇ ಅಲ್ಲಾಹ್ ಇಚ್ಛಿಸಿದ್ದರೆ ನಿಮಗೆಲ್ಲ ದಾರಿ ತೋರುತ್ತಿದ್ದ ಅನ್ನುತ್ತದೆ. ಮಾತು ಅದೇ. ದೇವರು ಹೇಳಿದರೆ ಅದು ನಿಜ, ಮನುಷ್ಯ ತನ್ನ ಪರವಾಗಿ ಸಾಕ್ಷಿ ಮಾಡಿಕೊಂಡರೆ ನೆಪ. ಇದು ನನ್ನನ್ನು ಬಹಳ ದಿನ ಕಾಡಿತು. ಯಾಕಂದ್ರೆ ನಾನು ಹುಡುಕುತ್ತಿದ್ದದ್ದೂ ಅದನ್ನೇ, ಆಯಿಯ ಕೇಸಿಗೆ ಒಂದು ಸಾಕ್ಷಿ.

ಫೋಟೋದಲ್ಲಿ ಕಾಣದ್ದು

ನಮ್ಮ ಕಡೆ ಇಂಥ ಮಾತು ಬಂದರೆ ಮೊದಲು ನೆನಪಾಗುವುದು ಪೇಪರಿನ ಫೋಟೋ. ಕೆಳಗೆ 'ಭಾವೈಕ್ಯದ ಸಂಗಮ' ಅಂತ ಒಂದು ಸಾಲು. ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಮೊಹರಮ್ಮಿಗೆ ಅಲಾಯಿ ಕುಣಿಯ ಫೋಟೋ, ಉರುಸಿಗೆ ದರ್ಗಾದ ಫೋಟೋ, ತಿಂಥಣಿ ಮೌನೇಶ್ವರ ಜಾತ್ರೆಯ ಫೋಟೋ. ಸುಳ್ಳಲ್ಲ, ಎಲ್ಲ ನಡೆಯುತ್ತದೆ. ಒಬ್ಬ ಮುಸಲ್ಮಾನನೂ ಇಲ್ಲದ ಹಳ್ಳಿಯಲ್ಲಿ ಪೀರಲ ದೇವರು ಕೂರುವುದನ್ನು ನಾನೇ ನೋಡಿದ್ದೇನೆ. ಆದರೆ ಆ ಫೋಟೋ ನೋಡಿದಾಗೆಲ್ಲ ನನಗೆ ಯಾಕೋ ಸಣ್ಣ ಬೇಜಾರು. ಎಲ್ಲರೂ ಒಂದೇ ಅಂತ ಮೇಲೆ ಬಿಳಿ ಬಣ್ಣ ಬಳಿದು, ಒಳಗಿನ ಗೋಡೆ ಹೇಗಿದೆ ಅಂತ ನೋಡಲು ಬಿಡುವುದಿಲ್ಲ ಅದು.

ಬೀದರ್ ಹತ್ತಿರ ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿ ಬಹಮನಿಯ ಗುಮ್ಮಟ ಇದೆ. ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಬೀದರಿಗೆ ಎತ್ತಿಕೊಂಡು ಹೋದವನು ಇವನೇ (ನಮ್ಮೂರಿನ ಹಿರಿಯರಿಗೆ ಅದರ ಮೇಲೆ ಇನ್ನೂ ಸ್ವಲ್ಪ ನಾರಾಜು). ಸತ್ತದ್ದು 1436ರಲ್ಲಿ. ಮುಸಲ್ಮಾನರಿಗೆ ಅವನು ವಲಿ, ಅಂದರೆ ಸಂತ. ಲಿಂಗಾಯತರಿಗೆ ಅಲ್ಲಮಪ್ರಭು. ಪ್ರತಿ ವರ್ಷ ಉರುಸಿಗೆ ನಮ್ಮ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಶಿಷ್ಯರ ಜೊತೆ ಹೋಗುತ್ತಾರೆ. ಒಂದು ಸಲ ಕಕ್ಷಿದಾರರೊಬ್ಬರ ಕೆಲಸಕ್ಕೆ ಬೀದರಿಗೆ ಹೋದವನು ಅಲ್ಲಿ ಹೊಕ್ಕಿದ್ದೆ. ಒಳಗೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಗುಮ್ಮಟದ ಒಳಮೈಯ ಬಣ್ಣ, ಬಂಗಾರದ ಅಕ್ಷರ ಒಂದೊಂದೇ ಮೇಲೆದ್ದು ಬಂದವು. ಪಕ್ಕದಲ್ಲಿ ಇಳಕಲ್ ಸೀರೆಯ ಅಜ್ಜಿಯೊಬ್ಬಳು ಊದುಬತ್ತಿ ಹಚ್ಚಿ ಕಾಯಿ ಇಟ್ಟಿದ್ದಳು. ಆಚೆ ಒಬ್ಬ ಹುಡುಗ ಫಾತಿಹಾ ಓದುತ್ತಿದ್ದ.

ಗೋರಿಯೊಳಗೆ ಯಾರಿದ್ದಾರೆ ಅನ್ನುವುದರ ಮೇಲೇ ಆ ಇಬ್ಬರಿಗೂ ಒಮ್ಮತ ಇಲ್ಲ. ಫೋಟೋದಲ್ಲಿ ಕಾಣದ್ದು ಇದು. ರಾಜಿ ಪತ್ರಕ್ಕೆ ಯಾರೂ ಸಹಿ ಹಾಕಿಲ್ಲ. ಆ ಅಜ್ಜಿಗೆ ನೀವು ವಲಿ ಅಂತ ಒಪ್ಪಿಕೊಳ್ಳಿ ಅಂದರೆ ಒಪ್ಪಲ್ಲ, ಆ ಹುಡುಗ ಅಲ್ಲಮ ಅಂತ ಒಪ್ಪಲ್ಲ. ಆರುನೂರು ವರ್ಷದ ಹತ್ತಿರ ಬಂತು, ವ್ಯಾಜ್ಯ ಹಾಗೇ ಇದೆ, ಯಾರೂ ದಾವೆ ಹೂಡಿಲ್ಲ. ಇನ್ನು ನಮ್ಮೊಳಗೇ ನೋಡಿದರೆ, ಅಬ್ಬಾ ಆಗಲಿ ತಮ್ಮ ಆಗಲಿ ಆ ಗೋರಿಯ ಮುಂದೆ ಕೈ ಎತ್ತಿ ಬೇಡುವವರಲ್ಲ. ಬೇರೆ ಬೇರೆಯಾಗಿಯೇ ಇರುತ್ತಾರೆ ಅನ್ನುವ ಮಾತು ಹಿಂದೂ-ಮುಸ್ಲಿಂ ಗೆರೆಯ ಹತ್ತಿರ ನಿಲ್ಲುವುದಿಲ್ಲ. ಅದು ನಮ್ಮ ಅಡುಗೆಮನೆ ತನಕ ಬಂದಿದೆ.

ದೊಡ್ಡಪ್ಪ

ತಮ್ಮ ಹೇಳಿದ ಆ 9:113ನೇ ವಚನದ ಹಿಂದೆ ಒಂದು ಕಥೆ ಇದೆ. ಸುನ್ನಿ ಹದೀಸುಗಳ, ಅಂದರೆ ಪ್ರವಾದಿಯವರ ನಡೆನುಡಿಯ ವರದಿಗಳ, ಪ್ರಕಾರ ಅದು ಬಂದದ್ದು ಪ್ರವಾದಿಯವರ (ಸ) ದೊಡ್ಡಪ್ಪ ಅಬೂ ತಾಲಿಬರ ವಿಷಯದಲ್ಲಿ. ತಂದೆ ಇಲ್ಲದ, ತಾಯಿ ಇಲ್ಲದ, ತಾತನೂ ತೀರಿಹೋದ ಹುಡುಗನನ್ನು ಸಾಕಿದವರು ಅವರು. ಇಡೀ ಮಕ್ಕಾ ತಿರುಗಿಬಿದ್ದಾಗ ಅಡ್ಡ ನಿಂತವರು. ಕೊನೆಗಾಲದಲ್ಲಿ ಪ್ರವಾದಿಯವರು ಹಾಸಿಗೆ ಪಕ್ಕ ಕೂತು, ಅಲ್ಲಾಹನ ಹೊರತು ದೇವರಿಲ್ಲ ಅನ್ನುವ ಒಂದು ಮಾತು ಹೇಳಿಬಿಡಿ ದೊಡ್ಡಪ್ಪ, ಅದನ್ನೇ ಹಿಡಿದು ಅಲ್ಲಾಹನ ಮುಂದೆ ನಿಮ್ಮ ಪರ ವಾದಿಸ್ತೀನಿ ಅಂದರು. ಅವರು ಹೇಳಲಿಲ್ಲ. ತಮ್ಮ ತಂದೆಯ ದಾರಿಯಲ್ಲೇ ಹೋದರು. ಆಗ ಬಂದ ಇನ್ನೊಂದು ವಚನ 28:56. ನೀನು ಪ್ರೀತಿಸಿದವರಿಗೆ ನೀನು ದಾರಿ ಹಿಡಿಸಲಾರೆ, ಅಲ್ಲಾಹ್ ತಾನು ಇಚ್ಛಿಸಿದವರಿಗೆ ದಾರಿ ಹಿಡಿಸುತ್ತಾನೆ. (ಶಿಯಾ ಬಂಧುಗಳು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅಬೂ ತಾಲಿಬ್ ನಂಬಿದವರೇ. ಇಲ್ಲೂ ಒಮ್ಮತ ಇಲ್ಲ ನೋಡಿ.)

ಎಷ್ಟೋ ಸಲ ಕೇಳಿದ ಕಥೆ. ಆದರೆ ಆಯಿ ಹೋದ ಮೇಲೆ ಅದು ಬೇರೆ ಥರ ಕೇಳಿಸಿತು. ಮೊದಲು ಇದನ್ನು ಅಬೂ ತಾಲಿಬರ ಕಥೆ ಅಂತ ಓದುತ್ತಿದ್ದೆ, ಪಾಪ ಕೊನೆಗೂ ಹೇಳಲಿಲ್ಲವಲ್ಲ ಅಂತ. ಈಗ ಹಾಸಿಗೆ ಪಕ್ಕ ಕೂತವರ ಕಡೆ ಕಣ್ಣು ಹೋಯಿತು. ಅವರಿಗೂ ತಮ್ಮನ್ನು ಎತ್ತಿ ಆಡಿಸಿದವರ ವಿಷಯದಲ್ಲಿ ಕೈ ಕಟ್ಟಿತ್ತು. 'ಇಚ್ಛಿಸಿದ್ದರೆ ಎಲ್ಲರೂ ನಂಬುತ್ತಿದ್ದರು' ಅನ್ನುವ ಮಾತಿನ ಪೆಟ್ಟು ಮೊದಲು ಬಿದ್ದದ್ದು ಅವರಿಗೇ. ನಂಬದವರಿಗೆ ಹೇಳಿದ ಬೈಗುಳ ಅಲ್ಲ ಅದು. ಎಲ್ಲರೂ ನಂಬಲಿ ಅಂತ ಜೀವ ತೇಯುತ್ತಿದ್ದವರಿಗೆ, ಇದು ನಿನ್ನ ಕೈಯಲ್ಲಿಲ್ಲ ಅಂತ ಹೇಳಿದ್ದು.

ಬುಖಾರಿಯ ಹದೀಸ್ ಸಂಗ್ರಹದಲ್ಲಿ ಇನ್ನೊಂದು ಸಣ್ಣ ಪ್ರಸಂಗ ಇದೆ. ಒಂದು ಶವ ಹೊತ್ತುಕೊಂಡು ಹೋಗುತ್ತಿದ್ದರು, ಪ್ರವಾದಿಯವರು ಎದ್ದು ನಿಂತರು. ಅದು ಯಹೂದಿಯ ಶವ ಅಂತ ಯಾರೋ ಹೇಳಿದರು. "ಅಲೈಸತ್ ನಫ್ಸಾ?" ಅಂದರು. ಅದೂ ಒಂದು ಜೀವ ಅಲ್ವಾ? ಇದನ್ನು ತಮ್ಮನಿಗೆ ಹೇಳಿದಾಗ, "ಅದಕ್ಕೇ ನಾನೂ ಹೆಗಲು ಕೊಟ್ಟೆ ಭಾಯಿ" ಅಂದ. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಅವನು ಫೋನ್ ಇಡಲೂ ಇಲ್ಲ.

ಇನ್ನೂ ವಚನಗಳಿವೆ. 2:62 ಯಹೂದಿ, ಕ್ರೈಸ್ತ, ಸಾಬಿಯನರಲ್ಲಿ ದೇವರನ್ನೂ ಅಂತಿಮ ದಿನವನ್ನೂ ನಂಬಿ ಒಳ್ಳೆಯದು ಮಾಡಿದವರಿಗೆ ಭಯವಿಲ್ಲ ಅನ್ನುತ್ತದೆ. 3:85 ಇಸ್ಲಾಮ್ ಬಿಟ್ಟು ಬೇರೆ ಧರ್ಮ ಬಯಸಿದವನಿಂದ ಅದು ಸ್ವೀಕಾರ ಆಗಲ್ಲ ಅನ್ನುತ್ತದೆ. ಎರಡನ್ನೂ ಹಿಡಿದು ಪುಸ್ತಕಗಟ್ಟಲೆ ಬರೆದಿದ್ದಾರೆ. ಅದಕ್ಕೆ ನನ್ನ ಕೈ ಹಾಕಲ್ಲ.

ಆದರೆ ಗುಮಾಸ್ತನ ಬುದ್ಧಿಗೆ ಒಂದು ಹೊಳೆಯಿತು. ತಹಸೀಲ್ದಾರರ ಮುಂದೆ ಇಡಬೇಕಾದ ಅರ್ಜಿಯನ್ನು ಸಿವಿಲ್ ಕೋರ್ಟಿಗೆ ಹಾಕಿದರೆ ಏನಾಗುತ್ತೆ? ಅರ್ಜಿ ಸರಿಯಾ ತಪ್ಪಾ ಅಂತ ಯಾರೂ ನೋಡಲ್ಲ. ಇದು ನಮ್ಮ ವ್ಯಾಪ್ತಿ ಅಲ್ಲ ಅಂತ ವಾಪಸ್ ಕೊಡ್ತಾರೆ. 5:48ರ ಕೊನೆಯ ಸಾಲು, ಸಭೆಗಳಲ್ಲಿ ಚಪ್ಪಾಳೆಯ ಗದ್ದಲದಲ್ಲಿ ಬಿಟ್ಟುಹೋಗುವ ಸಾಲು, ಹೀಗಿದೆ: ನೀವೆಲ್ಲ ಮರಳುವುದು ಅಲ್ಲಾಹನ ಕಡೆಗೇ, ನೀವು ಯಾವುದರಲ್ಲಿ ಭಿನ್ನರಾಗಿದ್ದಿರೋ ಅದನ್ನು ಆಗ ಅವನು ನಿಮಗೆ ತಿಳಿಸುತ್ತಾನೆ. ಎಲ್ಲರೂ ಗೆದ್ದಿರಿ ಅಂತ ಅದು ಹೇಳುವುದಿಲ್ಲ. ನೀವು ಗೆದ್ದಿರಿ, ಅವರು ಸೋತರು ಅಂತ ಕೂಡ ಇಲ್ಲಿ ಇಲ್ಲ. ತಾರೀಖು ಮುಂದೆ ಬಿದ್ದಿದೆ, ಅಷ್ಟೇ. ಅದು ಬೇರೆ ಕೋರ್ಟು. ಆಯಿಗೆ ಸಾಕ್ಷಿ ಹುಡುಕುತ್ತಿದ್ದ ನಾನೂ, ಸಾಕ್ಷಿ ಇಲ್ಲ ಅನ್ನುತ್ತಿದ್ದ ತಮ್ಮನೂ ತಪ್ಪು ಬಾಗಿಲ ಮುಂದೆ ಸಾಲಿನಲ್ಲಿ ನಿಂತಿದ್ದೆವು.

ಹದಿನಾರನೇ ಪಾರಾ

ರಂಜಾನಿನಲ್ಲಿ ದಿನಕ್ಕೊಂದು ಪಾರಾ, ಅಂದರೆ ಕುರ್‌ಆನಿನ ಒಂದು ಭಾಗ, ಕನ್ನಡದಲ್ಲಿ ಓದುವುದು ನನ್ನ ಪದ್ಧತಿ. ಅರಬಿಯಲ್ಲಿ ಓದುತ್ತೇನೆ, ಆದರೆ ಅರ್ಥ ಆಗುವುದು ಕನ್ನಡದಲ್ಲಿ. ಹದಿನಾರನೇ ರೋಜಾ ದಿನ ಹದಿನಾರನೇ ಪಾರಾ, ಅದರಲ್ಲಿ ತಾಹಾ ಅಧ್ಯಾಯ. ಸೆಹರಿ ಆಗಿತ್ತು, ಫಜ್ರ್‌ಗೆ ಇನ್ನೂ ಹೊತ್ತಿತ್ತು. ಪ್ರವಾದಿ ಮೂಸಾ ಮತ್ತು ಈಜಿಪ್ಟಿನ ದೊರೆ ಫಿರ್‌ಔನರ ಸಂಭಾಷಣೆ ಓದುತ್ತಾ ಇದ್ದೆ. ಓದುತ್ತಾ 55ನೇ ವಚನಕ್ಕೆ ಬಂದೆ. ಇದರಿಂದಲೇ ನಿಮ್ಮನ್ನು ಸೃಷ್ಟಿಸಿದೆವು, ಇದಕ್ಕೇ ನಿಮ್ಮನ್ನು ಮರಳಿಸುತ್ತೇವೆ. ಅರೆ, ಮೂರು ಹಿಡಿ ಮಣ್ಣಿನ ಮಾತು ಇದು. ನೂರಾರು ಗೋರಿಗಳ ಮೇಲೆ ಓದಿದ್ದೇನೆ, ಅದು ಎಲ್ಲಿ, ಯಾವ ಮಾತಿನ ನಡುವೆ ಬರುತ್ತದೆ ಅಂತ ಒಂದು ಸಲವೂ ನೋಡಿರಲಿಲ್ಲ. ಮುಸಲ್ಮಾನರ ಮಣ್ಣಿನ ಸಂದರ್ಭವೇ ಅಲ್ಲ ಅಲ್ಲಿರುವುದು. ಫಿರ್‌ಔನನ ದರ್ಬಾರಿನಲ್ಲಿ ಅವನಿಗೆ ಕೊಟ್ಟ ಜವಾಬಿನ ಬೆನ್ನಿಗೇ ಬರುವ ಮಾತು.

ಜವಾಬು ಅಂದ ಮೇಲೆ ಪ್ರಶ್ನೆ ಏನು? ಬೆರಳು ಹಿಂದಕ್ಕೆ ಸರಿಸಿದೆ. 51ನೇ ವಚನ. ಫಿರ್‌ಔನ ಕೇಳುತ್ತಾನೆ: ಹಾಗಾದರೆ ಹಿಂದಿನ ತಲೆಮಾರಿನವರ ಗತಿ ಏನು?

ನಾನು ಆರನೇ ಕ್ಲಾಸಿನಲ್ಲಿ ಕೇಳಿದ ಪ್ರಶ್ನೆ. ಅವನು ಕೇಳಿದ್ದು ತಿಳಿಯುವುದಕ್ಕಲ್ಲ, ಸಿಕ್ಕಿಸಿ ಹಾಕುವುದಕ್ಕೆ ಅಂತ ಅನಿಸುತ್ತದೆ. ತುಂಬಿದ ದರ್ಬಾರು. ನಿಮ್ಮ ಅಜ್ಜ ಮುತ್ತಜ್ಜರೆಲ್ಲ ನರಕಕ್ಕೆ ಹೋದರು ಅಂತ ಮೂಸಾ ಅಂದರೆ ಸಾಕಿತ್ತು, ಸಭೆಯೇ ಎದ್ದು ನಿಲ್ಲುತ್ತಿತ್ತು. 52ನೇ ವಚನದಲ್ಲಿ ಮೂಸಾ ಹೇಳುವುದು ಇಷ್ಟೇ: ಅವರ ವಿಷಯದ ಅರಿವು ನನ್ನ ಪ್ರಭುವಿನ ಹತ್ತಿರ ಒಂದು ಗ್ರಂಥದಲ್ಲಿದೆ, ನನ್ನ ಪ್ರಭು ತಪ್ಪುವುದಿಲ್ಲ, ಮರೆಯುವುದೂ ಇಲ್ಲ. ಅದಾದ ಮೇಲೆ ಮಾತು ನೆಲಕ್ಕೆ ಇಳಿಯುತ್ತದೆ. ಭೂಮಿಯನ್ನು ನಿಮಗೆ ತೊಟ್ಟಿಲ ಹಾಗೆ ಹಾಸಿದವನು, ಮೇಲಿನಿಂದ ಮಳೆ ಇಳಿಸಿದವನು, ಬಗೆಬಗೆಯ ಗಿಡ ಹುಟ್ಟಿಸಿದವನು. ಉಣ್ಣಿರಿ, ನಿಮ್ಮ ದನಗಳನ್ನು ಮೇಯಿಸಿರಿ. ಆಮೇಲೆ ಮಣ್ಣಿನ ಮಾತು. ಮಳೆ ಬಿದ್ದ ಹೊಲ, ಹೂ ಬಿಟ್ಟ ತೊಗರಿ, ಬದುವಿನ ಮೇಲೆ ಮೇಯುತ್ತಿದ್ದ ಎತ್ತು ಎಲ್ಲ ಕಣ್ಣ ಮುಂದೆ ಬಂತು. ತಮ್ಮನಿಗೆ ವಚನದ ಸಂಖ್ಯೆ ಮಾತ್ರ ಕಳಿಸಿದೆ. ಸೆಹರಿಗೆ ಎದ್ದಿದ್ದ ಅಂತ ಕಾಣುತ್ತೆ. 'ಓದಿದೆ' ಅಂತ ಒಂದೇ ಶಬ್ದ ಬಂತು. ಒಪ್ಪಿದೆ ಅಂತ ಬರೆಯಲಿಲ್ಲ, ನಾನೂ ಕೇಳಲಿಲ್ಲ. ಫಜ್ರ್ ಆದ ಮೇಲೆ ಕೈ ಎತ್ತಿದಾಗ 'ಇಲ್ಮುಹಾ ಇಂದ ರಬ್ಬೀ' ಅಂತ ಮೂಸಾರ ಮಾತನ್ನೇ ಹೇಳಿದೆ, ಆಯಿಯನ್ನು ನೆನೆಸಿಕೊಂಡು. ಅದು ದುವಾ ಆಗುತ್ತಾ ಅಂತ ಮೌಲವಿ ಸಾಬರನ್ನು ಕೇಳಲು ಹೋಗಿಲ್ಲ.

ಈದ್ ಬೆಳಿಗ್ಗೆ ನಮ್ಮನೆಯವಳು ರೂಢಿಯಂತೆ ಒಣ ಶಾವಿಗೆ, ಸಕ್ಕರೆ, ಖರ್ಜೂರ ಪೇಪರಿನಲ್ಲಿ ಕಟ್ಟಿಟ್ಟಳು. ಕಟ್ಟಿದ ಮೇಲೆ ಯಾರಿಗೆ ಅಂತ ನೆನಪಾಗಿ ಹಾಗೇ ಕೂತಳು. ಆಯಿಯ ಸೊಸೆ ನಮ್ಮ ವಯಸ್ಸಿನವಳು, ನೌಕರಿ ಮಾಡುವವಳು, ಹೊರಗೆಲ್ಲ ಊಟ ಮಾಡ್ತಾಳೆ. ಇನ್ನೇನು, ಮಾಡಿದ್ದನ್ನೇ ಕೊಟ್ಟರಾಯ್ತು ಅಂತ ಒಂದು ಡಬ್ಬಿ ಶೀರ್‌ಖುರ್ಮಾ ತುಂಬಿದೆವು. ನಮಾಜ್ ಮುಗಿಸಿ ಬರುವಷ್ಟರಲ್ಲಿ ಅವಳೇ ಬಂದು ಬಾಗಿಲಲ್ಲಿ ನಿಂತಿದ್ದಳು. ಡಬ್ಬಿ ನೋಡಿ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

"ಭಾಬಿ, ಒಣದೇ ಕೊಡ್ರಿ" ಅಂದಳು. "ಅತ್ತಿ ಹ್ಯಾಂಗ ಒಯ್ತಿದ್ರು ಹಂಗೇ ಒಯ್ತೀನಿ. ಮನ್ಯಾಗ ಮಾಡ್ತೀನಿ."

ಪೊಟ್ಟಣ ಎತ್ತಿಕೊಂಡು ಹೋದಳು. ಹತ್ತು ಗಂಟೆಗೆಲ್ಲ ಎದುರು ಮನೆಯಿಂದ ತುಪ್ಪದಲ್ಲಿ ಶಾವಿಗೆ ಹುರಿಯುವ ವಾಸನೆ ಬಂತು, ಸ್ವಲ್ಪ ಹೊತ್ತಿಗೆ ಸೀದ ವಾಸನೆ. "ಆಯಿ ಇದ್ದಿದ್ರೆ ಬೈತಿದ್ದಳು" ಅಂದಳು ನಮ್ಮನೆಯವಳು.